ಫ್ರಾನ್ಸ್ ರಾಜನ ಪರದೆಗೆ ಬಿಳಿಗಿರಿಯ ಕಾವಲು

ಬಿಳಿಗಿರಿ ಅಂತ ಒಬ್ಬ ಇದ್ದ. ಆಳು ಆರಡಿ, ಬುದ್ಧಿ ಬೊಗಸೆಯಷ್ಟೂ ಇಲ್ಲ. ಅವನವ್ವ ಚಿಕ್ಕತಾಯಮ್ಮ ಅರಮನೇಲಿ ಕಸ ಗುಡಿಸೋಳು. ಕೈಕಾಲು ಹಿಡಿದು ಮಗನಿಗೂ ಅಲ್ಲೇ ಕಾವಲು ಕೆಲಸ ಕೊಡಿಸಿದಳು.

ಅರಮನೆ ಹಜಾರದ ಗೋಡೆ ಮೇಲೆ ಒಂದು ಚಿತ್ರದ ಪರದೆ. ಅಂಥಿಂಥ ಪರದೆಯಲ್ಲ! ಹಿಂದೆ ಫ್ರಾನ್ಸಿನ ರಾಜ ತನಗೇ ಅಂತ ನೇಯಿಸಿದ್ದು. ಅದರಲ್ಲಿ ಆ ಕಡೆಯ ಪುರಾಣದ ಬೇಟೆದೇವತೆ ಕಾಡಿನ ಕೊಳದಲ್ಲಿ ಮೀಯ್ತಿದ್ದಾಳೆ. ಕದ್ದು ನೋಡಿದ ಬೇಟೆಗಾರ ಶಾಪ ತಗಲಿ ಜಿಂಕೆಯಾಗಿದ್ದಾನೆ. ಅವನ ನಾಯಿಗಳೇ ಅವನ ಮೇಲೆ ಬಿದ್ದಿವೆ. ಎಲ್ಲ ಬರೀ ದಾರ! ಆದರೂ ನೀರು ಅಲುಗಿದ ಹಾಗೇ ಕಾಣೋದು.

ಪಾರುಪತ್ತೇಗಾರ ತಿಮ್ಮರಸಯ್ಯ ಹೇಳಿದರು: “ಪರದೆ ಮೇಲೆ ಕಣ್ಣಿಟ್ಟಿರು!”

ಬಿಳಿಗಿರಿ ಎಡಗಣ್ಣನ್ನ ಪರದೆಗೆ ಒತ್ತಿ ಇಟ್ಟ. ಬೆಳಿಗ್ಗೆ ಇಟ್ಟ ಕಣ್ಣು ಮಧ್ಯಾಹ್ನವಾದರೂ ತೆಗೀಲಿಲ್ಲ.

“ಮಂಕೇ! ಮುಟ್ಟಬೇಡ್ವೋ! ದೂರ ನಿಂತು ನೋಡು!”

“ಆಗಲಿ ಬುದ್ಧಿ.”

ಮಾರನೇ ದಿನ ಒಂದು ಇಲಿ ಪರದೆ ಹತ್ತಿತು. ಬಿಳಿಗಿರಿ ದೂರ ನಿಂತು ನೋಡಿದ. ಇಲಿ ಅಂಚು ಕಡೀತು. ನೋಡ್ತಾನೇ ಇದ್ದ. ಅವ್ವ ಬಂದು ಪೊರಕೆ ಬೀಸಿದಳು.

“ನನ್ನ ಹೊಟ್ಟೇಲಿ ಯಾಕೆ ಹುಟ್ಟಿದೆಯೋ! ಪ್ರಾಣಿ ಕಂಡರೆ ಕೋಲು ತಗೊಂಡು ಓಡಿಸು!”

“ಆಗಲಿ ಅವ್ವ.”

ಮೂರನೇ ದಿನ ಕೋಲು ಹಿಡಿದು ಬಂದ. ಪರದೇಲಿ ಎಷ್ಟೊಂದು ನಾಯಿ! “ಹಚಾ! ಹಚಾ!” ಅಂತ ಕೋಲೆತ್ತಿದ. ತಿಮ್ಮರಸಯ್ಯ ಓಡಿಬಂದು ಕೈ ಹಿಡಿದರು.

“ಇನ್ನೊಂದು ತಪ್ಪಾದರೆ ತಾಯಿ ಮಗ ಇಬ್ಬರೂ ಹೊರಗೆ!”

ಅವ್ವ ಸೆರಗಲ್ಲಿ ಕಣ್ಣೊರೆಸಿಕೊಂಡಳು. “ಅಲ್ಲಿ ಮೀಯ್ತಿರೋಳು ದೇವತೆ ಕಣೋ. ಅವಳಿಗೆ ಮರ್ಯಾದೆ ಕೊಡು ಮಗಾ!”

“ಆಗಲಿ ಅವ್ವ.”

ಮೀಯೋ ಹೆಂಗಸನ್ನ ಊರೆಲ್ಲ ನೋಡೋದಾ? ಬಿಳಿಗಿರಿ ಏಣಿ ಹತ್ತಿ, ಐದಾಳು ಹೊರೋ ಪರದೇನ ಒಬ್ಬನೇ ಬಿಚ್ಚಿ, ಮುಖ ಗೋಡೆ ಕಡೆ ಮಾಡಿ ತೂಗುಹಾಕಿದ.

ಅಷ್ಟರಲ್ಲೇ ರಾಜರು ಬಂದರು, ಜೊತೆಗೆ ಫ್ರಾನ್ಸಿನ ಒಬ್ಬ ಮುದುಕ ನೇಕಾರ. ತಿಮ್ಮರಸಯ್ಯ ಕೈಮುಗಿದು ಪರದೆಗೆ ಅಡ್ಡ ನಿಂತರು. ಅವ್ವ ಕಂಬದ ಮರೆಗೆ ಸರಿದಳು.

ಮುದುಕ ಕನ್ನಡಕ ಒರೆಸಿ ಹಾಕಿಕೊಂಡು, ಹತ್ತಿರ ಹೋದ. “ಪ್ರಭು! ಮುಂಭಾಗದ ಬಣ್ಣವನ್ನ ಬಿಸಿಲು ತಿಂದಿತ್ತು. ಇದು ಹಿಂಭಾಗ, ಬಿಸಿಲೇ ಕಾಣದ ಹಸಿರು, ದಾಳಿಂಬೆ ಕೆಂಪು! ನೇಯ್ದ ದಿನ ಹೀಗೇ ಇತ್ತು!”

ಎಳೆಗಳ ತುದಿ ಜೋತಾಡ್ತಿದ್ದರೂ ಕಾಡು ಆಗಷ್ಟೇ ಚಿಗುರಿದ ಹಾಗಿತ್ತು. ರಾಜರು ತಮ್ಮ ಶಾಲನ್ನೇ ತೆಗೆದು ಬಿಳಿಗಿರಿ ಕೈಗಿಟ್ಟರು. “ತಗೊಳ್ಳಯ್ಯ, ಇದು ಮರ್ಯಾದೆ!”

ಬಿಳಿಗಿರಿ ತಲೆಯೆತ್ತಿ ನೋಡಿದ. ಅಯ್ಯೋ, ಈ ಕಡೇನೂ ಮೀಯ್ತಾನೇ ಇದ್ದಾಳೆ! ದಡದಡ ಏಣಿ ಹತ್ತಿ ಶಾಲನ್ನ ಅವಳ ಮೇಲೆ ಇಳಿಬಿಟ್ಟ.

“ಬೇಗ ಮೈ ಒರೆಸ್ಕೋ ತಾಯಿ! ಎಷ್ಟೊಂದು ಜನ ಬಂದಿದ್ದಾರೆ!”