ಕರಡಿಯ ಜೇನು, ಬಾತಿನ ಕೊಕ್ಕು

ಬಾತುಕೋಳಿಯ ಗಂಡ ತೀರಿಕೊಂಡ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಕರಡಿ ಜೇನು ಹೊತ್ತು ಬಂದು, "ತಿನ್ನಮ್ಮಾ, ತಿನ್ನು" ಎಂದು ಒಂದೇ ಸಮನೆ ತುರುಕಿತು. ಗಂಡನ ಗುಣ ಹಾಡಿಕೊಂಡು ಅಳಬೇಕೆಂದಿದ್ದ ಬಾತಿನ ಕೊಕ್ಕು ಅಂಟಿಕೊಂಡಿತು. ಕೊಕ್ಕು ಬಿಟ್ಟ ಮೇಲೆ ಅದು ಬೈದದ್ದು ಕೆರೆಯ ಆಚೆ ದಡಕ್ಕೂ ಕೇಳಿಸಿತು: "ನನ್ನ ಮಾತು ಕೇಳುವವರು ಬೇಕಿತ್ತು, ಜೇನಲ್ಲ!"

ಕರಡಿಗೆ ಬುದ್ಧಿ ಬಂತು. ಮರುವಾರ ಅಳಿಲಿನ ಗಂಡ ಸತ್ತಾಗ ಬರಿಗೈಯಲ್ಲಿ ಹೋಗಿ, "ಹೇಳಮ್ಮಾ, ಮನಸ್ಸು ಬಿಚ್ಚಿ ಅತ್ತುಬಿಡು" ಎಂದು ಕಿವಿಗೊಟ್ಟು ಕುಳಿತಿತು. ಹೊತ್ತು ಇಳಿದರೂ ಏಳಲಿಲ್ಲ.

ಹಸಿದ ಮರಿಗಳನ್ನು ತಟ್ಟುತ್ತ ಅಳಿಲು ಹೇಳಿತು: "ಅತ್ತು ಅತ್ತು ಸಾಕಾಗಿದೆ, ಕರಡಿಯಣ್ಣ. ಬಾತಕ್ಕನಿಗೆ ಬೇಕಿದ್ದದ್ದನ್ನು ನನಗೆ ತಂದಿದ್ದೀಯ. ನನಗೇನು ಬೇಕೆಂದು ಬಾಗಿಲಲ್ಲೇ ಒಂದು ಮಾತು ಕೇಳಬಾರದಿತ್ತೇ?"