ಮೂಗರ್ಜಿಯ ಉಕ್ತಲೇಖನ

ಗುಮಾಸ್ತ ಚೆಲುವಯ್ಯನದು ಮಾತು ಕಡಿಮೆ. ಅದಕ್ಕೇ ಕಚೇರಿಯಿಂದ ಯಾವ ಮೂಗರ್ಜಿ ಹೋದರೂ ಎಲ್ಲರ ಕಣ್ಣು ಅವನ ಮೇಲೆ. ಹದಿನೆಂಟು ವರ್ಷದಿಂದ ಈ ಅನುಮಾನ ನುಂಗಿ ನುಂಗಿ ಅವನಿಗೆ ಸಾಕಾಗಿತ್ತು.

ಆ ದಿನ ಶಿರಸ್ತೇದಾರ ರುದ್ರಮುನಿಯವರು ತಮ್ಮ ಮೇಲೆಯೇ ಬಂದಿದ್ದ ಮೂಗರ್ಜಿ ಹಿಡಿದು ಅವನ ಮೇಜಿನ ಮುಂದೆ ನಿಂತರು. "ಸುಮ್ಮನಿರೋರೇ ಇಂಥದ್ದು ಬರೆಯೋದು. ಒಪ್ಕೋ."

"ಅಕ್ಷರ ತಾಳೆ ನೋಡಿ ಸಾರ್. ಎಲ್ಲರ ಕೈಲೂ ಇದನ್ನೇ ಬರೆಸಿ. ತಾವೇ ಓದಿ ಹೇಳಿ, ಬೇರೆಯವರನ್ನ ಹೇಗೆ ನಂಬೋದು?" ಎಂದ ಚೆಲುವಯ್ಯ.

ರುದ್ರಮುನಿ ಸಾಹೇಬರಿಗೆ ಹೌದೆನ್ನಿಸಿತು. ಅವನೂ ಸೇರಿ ಎಂಟು ಗುಮಾಸ್ತರನ್ನು ಕೂರಿಸಿ, ಒಬ್ಬೊಬ್ಬರ ಮುಖವನ್ನೂ ದುರುಗುಟ್ಟಿ ನೋಡುತ್ತ ಗಟ್ಟಿಯಾಗಿ ಓದಿದರು: "ಶಿರಸ್ತೇದಾರರು ಊಟವಾದ ಮೇಲೆ ರೆಕಾರ್ಡ್ ರೂಮಿನಲ್ಲಿ ನಿದ್ದೆ ಹೊಡೆಯುತ್ತಾರೆ. ಕಚೇರಿಯ ಜವಾನ ಅವರ ಎಮ್ಮೆ ತೊಳೆಯುತ್ತಾನೆ."

"ಕೊಂಬಿಗೆ ಎಣ್ಣೆನೂ ಹಚ್ತಾನೆ, ನಾನೇ ನೋಡಿದೀನಿ," ಎಂದಳು ಕಿಟಕಿಯಾಚೆ ಸಾಲಿನಲ್ಲಿ ನಿಂತಿದ್ದ ಮುದುಕಿ.

ಸಾಹೇಬರು ತಟ್ಟನೆ ಬಾಯಿ ಮುಚ್ಚಿ ಹಾಳೆಗಳನ್ನು ಕಸಿದು ನೋಡಿದರು. ಯಾರ ಅಕ್ಷರವೂ ತಾಳೆಯಾಗಲಿಲ್ಲ.

ಚೆಲುವಯ್ಯ ಪೆನ್ನಿನ ಮುಚ್ಚಳ ಹಾಕಿದ. "ಬೆಳಗ್ಗೆ ಒಂದೇ ಮೂಗರ್ಜಿ ಇತ್ತು ಸಾರ್, ಈಗ ಒಂಬತ್ತಾಯ್ತು. ನಾನಂತೂ ಯಾರ ಹತ್ರನೂ ಬಾಯಿ ಬಿಟ್ಟಿಲ್ಲ. ಊರಿಗೆಲ್ಲ ಹೇಳಿದ್ದು ತಾವೇ."