ಅಳಿಯನ ಇಪ್ಪತ್ತನಾಲ್ಕು ಸೀಸೆಗಳು

"ಗುರುಗಳೇ, ತಾವು ನನಗೆ ಒಂದು ಸೂತ್ರವನ್ನು ಹೇಳಿಕೊಟ್ಟು ಸುಮ್ಮನಾಗಿಬಿಟ್ಟಿರಿ. ಅರ್ಥವಾಯಿತೇ ಎಂದು ಇದುವರೆಗೆ ಒಂದು ಮಾತು ಕೇಳಲಿಲ್ಲ. ಹೊಳೆಯಾಚೆಯ ಮಠದಲ್ಲಿ ಶಿಷ್ಯರನ್ನು ದಿನವೂ ಬೆಳಗ್ಗೆ ನಿಲ್ಲಿಸಿ ಪರೀಕ್ಷೆ ಮಾಡುತ್ತಾರಂತೆ. ನನ್ನ ಮೇಲೆ ತಮಗೆ ಅಷ್ಟೂ ಅಕ್ಕರೆ ಇಲ್ಲವೇ?" ಎಂದು ಶಿಷ್ಯನು ಕೇಳಿದನು. ಉತ್ತರದಿಂದ ಸಮಾಧಾನವಾಗದಿದ್ದರೆ ಆ ದಿನವೇ ಆಚೆಯ ಮಠಕ್ಕೆ ಹೊರಟುಬಿಡುವುದೆಂದು ಅವನು ನಿಶ್ಚಯಿಸಿಕೊಂಡಿದ್ದನು.

"ಬಿಯರು ಕಾಯಿಸುವ ಒಬ್ಬ ಮುದುಕನ ಕತೆ ಹೇಳುತ್ತೇನೆ" ಎಂದರು ಗುರುಗಳು.

"ಮಠದಲ್ಲಿ ಬಿಯರಿನ ಕತೆಯೇ?"

"ಕುಡಿ ಎಂದೆನೇ? ಕುಳಿತು ಕೇಳು ಎಂದೆ."

ಶಿಷ್ಯನು ಕುಳಿತನು. ಗುರುಗಳು ಹೇಳತೊಡಗಿದರು.

ಜವೆಗೋದಿ ಬೆಳೆಯುವ ಒಂದು ಊರಿನಲ್ಲಿ ಬಿಯರು ಕಾಯಿಸುವ ಹಕ್ಕು ಏಳು ಮನೆಗಳಿಗೆ ಮಾತ್ರ ಇತ್ತು. ಯಜಮಾನನ ಕೈ ಸೋತಾಗ ಆ ಮನೆಯ ಮುಂದಿನವನು ಒಂದು ಹಂಡೆ ಬಿಯರನ್ನು ತಾನೇ ಕಾಯಿಸಿ, ಸೀಸೆಗಳಿಗೆ ತುಂಬಿ, ಹದಿನೈದನೆಯ ದಿನ ಊರಿನ ಹಿರಿಯರ ಮುಂದೆ ತೆರೆದು ತೋರಿಸಬೇಕು. ನೊರೆ ಹದವಾಗಿ ಎದ್ದರೆ ಹಂಡೆ ಆ ಮನೆಯಲ್ಲಿಯೇ ಉಳಿಯುವುದು. ಇಲ್ಲವಾದರೆ ಹಿರಿಯರು ಅದನ್ನು ಹೊರಿಸಿಕೊಂಡು ಹೋಗಿ ಬೇರೊಬ್ಬರ ಒಲೆಯ ಮೇಲೆ ಇರಿಸುವರು. ಎರಡನೆಯ ಅವಕಾಶವೆಂಬುದು ಆ ಕಟ್ಟಳೆಯಲ್ಲಿ ಇರಲಿಲ್ಲ.

ಆ ಏಳು ಮನೆಗಳಲ್ಲಿ ಒಂದರ ಯಜಮಾನನು ಈ ಮುದುಕ. ನಲವತ್ತು ವರ್ಷ ಅವನ ಸೀಸೆ ಒಮ್ಮೆಯೂ ಕೆಟ್ಟಿರಲಿಲ್ಲ. ಈಗ ಅವನ ಕೈ ನಡುಗುತ್ತಿತ್ತು. ಗಂಡುಮಕ್ಕಳಿಲ್ಲ, ಒಬ್ಬಳು ಮಗಳು, ಮನೆಯಲ್ಲಿಯೇ ಇದ್ದ ಅಳಿಯ. ಅಳಿಯನು ಮಿತಭಾಷಿ. ಮೂರು ವರ್ಷ ಅವನು ಮಾವನ ಪಕ್ಕದಲ್ಲಿ ನಿಂತು ಕೆಲಸ ಕಲಿತಿದ್ದನು.

ಅವನು ಕಲಿತದ್ದರಲ್ಲಿ ಕಡೆಯ ಕೆಲಸವೇ ಕಠಿಣವಾದದ್ದು. ಹಂಡೆಯಲ್ಲಿ ಹುದುಗು ತನ್ನ ಕೆಲಸ ಮುಗಿಸಿ ಶಾಂತವಾದ ಮೇಲೆ ಸ್ವಲ್ಪ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ, ಆರಿಸಿ, ಇಡೀ ಹಂಡೆಗೆ ಬೆರೆಸಬೇಕು. ಸೀಸೆಗೆ ತುಂಬುವಾಗ ಮೇಲೆ ಎರಡು ಬೆರಳಿನಷ್ಟು ಜಾಗ ಬಿಡಬೇಕು. ಬಿರಡೆಯನ್ನು ತಂತಿಯಿಂದ ಬಿಗಿಯಬೇಕು. ಹುದುಗು ಆ ಸಕ್ಕರೆಯನ್ನು ತಿಂದು ಗಾಳಿಯನ್ನು ಬಿಡುತ್ತದೆ. ಆ ಗಾಳಿ ಹೊರಗೆ ಹೋಗಲು ದಾರಿ ಕಾಣದೆ ಮೊದಲು ಸೀಸೆಯ ಕುತ್ತಿಗೆಯಲ್ಲಿ ನಿಲ್ಲುತ್ತದೆ. ಬಳಿಕ ಮೆಲ್ಲಮೆಲ್ಲನೆ ಬಿಯರಿನೊಳಗೆ ಇಳಿದು ಕರಗುತ್ತದೆ. ಅದಕ್ಕೆ ಹದಿನಾಲ್ಕು ದಿನ ಬೇಕು. ಆ ಹದಿನಾಲ್ಕು ದಿನ ಮಾಡುವ ಕೆಲಸ ಯಾವುದೂ ಇಲ್ಲ.

ಅಳಿಯನು ಇಪ್ಪತ್ತನಾಲ್ಕು ಸೀಸೆಗಳನ್ನು ತುಂಬಿ ಅಟ್ಟದ ಕೋಣೆಯಲ್ಲಿ ಸಾಲಾಗಿ ಇಟ್ಟನು.

"ಸಕ್ಕರೆ ಎಷ್ಟು ಹಾಕಿದಿರಿ, ಅಳಿಯಂದಿರೇ?" ಎಂದು ಮುದುಕನು ಕೇಳಿದನು.

"ನೀವು ಹೇಳಿಕೊಟ್ಟಷ್ಟೇ, ಮಾವ."

"ನಾನು ಹೇಳಿದ್ದೋ, ನೀವು ಕೇಳಿಸಿಕೊಂಡದ್ದೋ?"

ಅಳಿಯನು ನಕ್ಕು ಹೊಲಕ್ಕೆ ಹೋದನು. ಆ ನಗುವನ್ನೇ ಮುದುಕನಿಗೆ ಸಹಿಸಲಾಗಲಿಲ್ಲ. ಹಂಡೆಯೇ ಹೋಗುವ ಹೊತ್ತಿನಲ್ಲಿ ನಗುವವನು ಅಳತೆಯನ್ನು ನೆಟ್ಟಗೆ ನೋಡಿದ್ದಾನೆಂದು ನಂಬುವುದು ಹೇಗೆ? ಮೂರು ದಿನ ಅವನು ಹಲ್ಲು ಕಚ್ಚಿಕೊಂಡು ಇದ್ದನು. ನಾಲ್ಕನೆಯ ದಿನ ಮಧ್ಯಾಹ್ನ ಅಳಿಯನು ಹೊಲದಲ್ಲಿದ್ದಾಗ ಅಟ್ಟವನ್ನು ಹತ್ತಿ, ಒಂದೇ ಒಂದು ಸೀಸೆಯ ತಂತಿಯನ್ನು ಬಿಚ್ಚಿದನು. ಸೀಸೆ ಬುಸ್ಸೆಂದಿತು. ಒಂದು ಗುಟುಕು ಬಾಯಿಗೆ ಹಾಕಿದರೆ ನಾಲಿಗೆಗೆ ಚುರುಕೇ ಇಲ್ಲ. ಗಂಜಿಯ ತಿಳಿಯಂತೆ ಸಪ್ಪೆ. ನಾಲ್ಕನೆಯ ದಿನದ ಬಿಯರು ಹಾಗಲ್ಲದೆ ಇನ್ನು ಹೇಗೂ ಇರಲಾರದು. ನಲವತ್ತು ವರ್ಷದ ಅನುಭವಿಗೆ ಇದು ತಿಳಿಯದೆ? ಆದರೆ ಅವನು ನಾಲ್ಕನೆಯ ದಿನದ ಬಿಯರನ್ನು ತನ್ನ ಜನ್ಮದಲ್ಲಿ ಅಂದೇ ಮೊದಲು ರುಚಿ ನೋಡಿದ್ದು.

"ಹೇಳಿದೆನಲ್ಲ! ಸಕ್ಕರೆ ಸಾಲದು!" ಎಂದು ಗೊಣಗಿ ಒಂದು ಚಿಟಿಕೆ ಸಕ್ಕರೆ ಉದುರಿಸಿ ಮತ್ತೆ ಬಿಗಿದನು. ಕೈ ನಡುಗಿ ಚಿಟಿಕೆ ಒಂದೂವರೆಯಾಯಿತು.

ಮರುದಿನ ಎರಡು ಬಿಚ್ಚಿದನು. ಅದರ ಮರುದಿನ ಮೂರು. ಅಟ್ಟದಿಂದ ಇಳಿಯುತ್ತಿದ್ದವನ ಮೀಸೆಗೆ ನೊರೆ ಅಂಟಿದ್ದನ್ನು ಒಮ್ಮೆ ಹೆಂಡತಿ ಕಂಡಳು.

"ಅಲ್ಲಾ, ನೀವು ತುಂಬಿದ ಸೀಸೆಗಳನ್ನು ಎಂದಾದರೂ ನಡುವೆ ಬಿಚ್ಚಿ ನೋಡಿದ್ದುಂಟೇ?" ಎಂದಳು.

"ಅವು ನಾನು ತುಂಬಿದವು ಕಣೇ! ಇವು ಆ ಪುಣ್ಯಾತ್ಮ ತುಂಬಿದವು!"

"ಅವನು ನಿಮ್ಮ ಹತ್ತಿರವೇ ಅಲ್ಲವೇ ಕಲಿತದ್ದು?"

"ಅದಕ್ಕೇ ಭಯ" ಎಂದು ರೇಗಿ ಅವನು ಮೀಸೆ ಒರೆಸಿಕೊಂಡನು.

ಹದಿನಾಲ್ಕು ದಿನ ತುಂಬುವ ಹೊತ್ತಿಗೆ ಅವನು ಬಿಚ್ಚದ ಸೀಸೆ ಒಂದೂ ಉಳಿಯಲಿಲ್ಲ. ಕೆಲವನ್ನು ಮೂರು ಸಲ ಬಿಚ್ಚಿದ್ದನು. ಕೆಲವಕ್ಕೆ ಸಕ್ಕರೆ ಎರಡೆರಡು ಬಾರಿ ಬಿದ್ದಿತ್ತು, ಕೆಲವಕ್ಕೆ ಹಾಕಿದೆನೆಂದು ಭ್ರಮಿಸಿ ಬಿಟ್ಟದ್ದೂ ಉಂಟು. ಯಾವುದಕ್ಕೆ ಏನಾಗಿದೆಯೆಂಬುದು ಅವನಿಗೇ ತಿಳಿಯದು. ತಾನು ಕಾಪಾಡದಿದ್ದರೆ ಈ ಮನೆಯ ಗತಿ ಏನಾಗುತ್ತಿತ್ತು ಎಂಬ ಸಿಟ್ಟು ಮಾತ್ರ ದಿನದಿನಕ್ಕೆ ಬೆಳೆದಿತ್ತು.

ಹದಿನೈದನೆಯ ದಿನ ಹಿರಿಯರು ಬಂದು ಜಗಲಿಯ ಮೇಲೆ ಕುಳಿತರು. ಅಳಿಯನು ಮೊದಲನೆಯ ಸೀಸೆಯನ್ನು ತೆರೆದನು. ಅದು ಉಸಿರೆತ್ತಲಿಲ್ಲ, ಬಟ್ಟಲಿಗೆ ನೀರಿನಂತೆ ಬಿದ್ದಿತು. ಎರಡನೆಯದರ ತಂತಿಗೆ ಕೈ ಹಾಕುವಷ್ಟರಲ್ಲಿ ಬಿರಡೆ ಹಾರಿ ಮಾಡಿಗೆ ಬಡಿಯಿತು. ಬಿಯರೆಲ್ಲ ನೊರೆಯಾಗಿ ಹಿರಿಯರ ರುಮಾಲುಗಳ ಮೇಲೆ ಸುರಿಯಿತು. ಮೂರನೆಯದು ಯಾರೂ ಮುಟ್ಟದಿದ್ದರೂ ಇದ್ದಲ್ಲಿಯೇ ಒಡೆಯಿತು.

ಅಳಿಯನು ಚೂರುಗಳ ನಡುವೆ ತಲೆ ತಗ್ಗಿಸಿ ನಿಂತು, "ನನ್ನ ಅಳತೆ ತಪ್ಪಿರಬೇಕು. ತಪ್ಪು ನನ್ನದೇ" ಎಂದನು.

ಮುದುಕನ ತಾಳ್ಮೆ ಅಲ್ಲಿಗೆ ಮುಗಿಯಿತು. ಅವನು ಎದ್ದು ನಿಂತು ಕೂಗಿದನು: "ತಪ್ಪಿರಬೇಕಂತೆ, ತಪ್ಪಿರಬೇಕು! ಹಿರಿಯರೇ, ಹತ್ತು ದಿನದಿಂದ ಒಂದೊಂದನ್ನೂ ಈ ಕೈಯಾರೆ ಬಿಚ್ಚಿ ನೋಡಿದ್ದೇನೆ, ಚಿಟಿಕೆ ಚಿಟಿಕೆ ಸಕ್ಕರೆ ಹಾಕಿ ತಿದ್ದಿದ್ದೇನೆ. ಇಷ್ಟು ತಿದ್ದಿದರೂ ಹೀಗಾಯಿತೆಂದರೆ ಈ ಮಹಾರಾಯ ಮೊದಲು ಹಾಕಿದ ಅಳತೆ ಇನ್ನೆಷ್ಟು ಕೆಟ್ಟಿರಬೇಕು, ನೀವೇ ಹೇಳಿ!"

ಹಿರಿಯರಲ್ಲಿ ಹಿರಿಯನಾದವನು ರುಮಾಲನ್ನು ಹಿಂಡಿ ತೊಡೆಯ ಮೇಲೆ ಇಟ್ಟುಕೊಂಡು, "ಹಾಗಾದರೆ ಯಜಮಾನರೇ, ನಾವು ಈ ಹೊತ್ತು ಪರೀಕ್ಷಿಸಿದ್ದು ಯಾರ ಕೈಯನ್ನು?" ಎಂದು ಕೇಳಿದನು.

ತಾನು ಆಡಿದ ಮಾತು ಏನೆಂಬುದು ಆಗ ಮುದುಕನಿಗೆ ಹೊಳೆಯಿತು.

ಹಿರಿಯರಿಗೆ ಮರುಕವಾಯಿತು. ಆದರೆ ಕಟ್ಟಳೆಯಲ್ಲಿ ಮರುಕಕ್ಕೆ ಎಡೆಯಿರಲಿಲ್ಲ. ಅಂದೇ ನಾಲ್ವರು ಹಂಡೆಯನ್ನು ಒಲೆಯಿಂದ ಇಳಿಸಿ ಹೊತ್ತುಕೊಂಡು ಹೋದರು.

ಅವರು ಬೀದಿಯ ತಿರುವನ್ನು ದಾಟುವವರೆಗೆ ಅಳಿಯನು ಬಾಗಿಲಲ್ಲಿ ನಿಂತು ನೋಡಿದನು. ಆಮೇಲೆ ಒಳಗೆ ಬಂದು ಮಾವನ ಎದುರು ಕುಳಿತನು. ಅವನು ಬೈಯಲಿಲ್ಲ.

"ಹಂಡೆ ಹೋಯಿತು, ಹೋಗಲಿ. ಒಂದೇ ಒಂದು ಮಾತು ಹೇಳಿ, ಮಾವ. ನಾನು ಹಾಕಿದ ಅಳತೆ ಸರಿಯಿತ್ತೇ?"

ಮುದುಕನು ಆ ಪ್ರಶ್ನೆಗೆ ತಾನು ಸಾಯುವವರೆಗೆ ಉತ್ತರ ಹುಡುಕಿದನು. ಉತ್ತರ ಹೇಳಬಲ್ಲ ಸೀಸೆ ಒಂದೂ ಉಳಿದಿರಲಿಲ್ಲ.

ಗುರುಗಳು ಇಲ್ಲಿಗೆ ಕತೆಯನ್ನು ನಿಲ್ಲಿಸಿದರು. ಶಿಷ್ಯನು, "ಕತೆ ಅರ್ಥವಾಯಿತು, ಗುರುಗಳೇ. ಆದರೂ ಕೇಳುತ್ತೇನೆ. ತಾವು ಸುಮ್ಮನಿದ್ದದ್ದು ನನ್ನ ಮೇಲಿನ ನಂಬಿಕೆಯಿಂದಲೋ, ಅಥವಾ ನನ್ನನ್ನು ಮರೆತೇಬಿಟ್ಟಿದ್ದಿರೋ?" ಎಂದನು.

"ಅರ್ಥವಾಯಿತೇ ಎಂದು ಕೇಳಲು ಹೊರಟ ನಾಲಿಗೆಯನ್ನು ಕಚ್ಚಿಕೊಂಡು ಇಂದಿಗೆ ನೂರ ಹದಿಮೂರು ದಿನ" ಎಂದರು ಗುರುಗಳು.

ಶಿಷ್ಯನು ಆ ದಿನ ಹೊಳೆಯನ್ನು ದಾಟಲಿಲ್ಲ.